ನೊಣವನ್ನು ಬೆಳಕಿನಿಂದ ಹಿಂದಕ್ಕೆ ನಡೆಸುವುದು: ಆಪ್ಟೊಜೆನೆಟಿಕ್ಸ್‌ನ ಮೊದಲ ಪ್ರಯೋಗಕ್ಕೊಂದು ಕೈಪಿಡಿ

ಗಾಜಿನ ಮುಚ್ಚಳವಿರುವ ಚಿಕ್ಕ ಅಂಕಣವೊಂದರಲ್ಲಿ ಹಣ್ಣುನೊಣವು ತನ್ನ ಪಾಡಿಗೆ ಮುಂದೆ ನಡೆಯುತ್ತಿರುತ್ತದೆ. ಕೆಂಪು ಬೆಳಕು ಹೊತ್ತಿದ ಕೂಡಲೇ ಅದು ಅರೆಕ್ಷಣ ತಡೆದು ನಿಂತು, ಆರೂ ಕಾಲುಗಳ ಲಯವನ್ನು ತಿರುವುಮುರುವು ಮಾಡಿಕೊಂಡು, ಹಿಂದಕ್ಕೆ ಹೆಜ್ಜೆಯಿಡತೊಡಗುತ್ತದೆ. ಬೆಳಕು ಆರಿದರೆ ಮತ್ತೆ ಮುಂದಕ್ಕೆ ಹೊರಡುತ್ತದೆ. ಈ ಹಿನ್ನಡೆಯನ್ನು ಹೊರಡಿಸುವುದು ಮಿದುಳಿನಿಂದ ಎದೆಭಾಗದ ನರಗ್ರಂಥಿಗೆ ಇಳಿಯುವ ಕೇವಲ ನಾಲ್ಕು ನರಕೋಶಗಳು. 2014ರಲ್ಲಿ ಸಲಿಲ್ ಬಿಡಯೆ ಮತ್ತು ಬ್ಯಾರಿ ಡಿಕ್ಸನ್ ಅವರ ತಂಡವು ವಿಯೆನ್ನಾದಲ್ಲಿ ಇವನ್ನು ಗುರುತಿಸಿ ‘ಮೂನ್‌ವಾಕರ್’ ನರಕೋಶಗಳೆಂದು ಹೆಸರಿಟ್ಟಿತು. ಅವರು ಮೊದಲಿಗೆ ಈ ಕೋಶಗಳನ್ನು ಕೆರಳಿಸಿದ್ದು ಶಾಖದಿಂದ; ಇಂದು ಬಹುತೇಕ ಎಲ್ಲರೂ ಬೆಳಕನ್ನೇ ಬಳಸುತ್ತಾರೆ.

ಪ್ರಾಣಿಶಾಸ್ತ್ರದಲ್ಲಿ ಅಥವಾ ಜೈವಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಓದು ಮುಗಿಸಿ, ವಂಶವಾಹಿ ಸೇರಿಸಿದ ನರಕೋಶಗಳನ್ನು ಬೆಳಕಿನಿಂದ ಕೆರಳಿಸಿ ನರಜಾಲಗಳನ್ನು ಪರೀಕ್ಷಿಸುವ ಕೆಲಸಕ್ಕೆ, ಅಂದರೆ ಆಪ್ಟೊಜೆನೆಟಿಕ್ಸ್‌ಗೆ, ಮೊದಲ ಸಲ ಕೈಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆದಿದ್ದೇನೆ. ಬೆಳಕು ಹಾಯಿಸುವುದು ಈ ಕೆಲಸದ ಸುಲಭದ ಭಾಗ. ನೊಣ ಹಿಂದೆ ನಡೆದದ್ದು ಆ ನಾಲ್ಕು ಕೋಶಗಳಿಂದಲೇ ಹೊರತು ಕಣ್ಣಿಗೆ ಬಿದ್ದ ಬೆಳಕಿನಿಂದಲ್ಲ, ಬಿಸಿಯಿಂದಲ್ಲ, ತಳಿಯ ಹಿನ್ನೆಲೆಯಿಂದಲ್ಲ, ನಿಮ್ಮ ಕಂಪ್ಯೂಟರ್ ಪ್ರೋಗ್ರಾಂನ ತಪ್ಪಿನಿಂದಲೂ ಅಲ್ಲ ಎಂದು ತೋರಿಸುವುದರಲ್ಲೇ ಮುಕ್ಕಾಲು ಪಾಲು ಶ್ರಮ ಹೋಗುತ್ತದೆ. ಆದ್ದರಿಂದ ಇಲ್ಲಿಯೂ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ತತ್ವ, ಚಿಕ್ಕದಾಗಿ

ಸಿಹಿನೀರಿನ ಹಸಿರು ಪಾಚಿ ಕ್ಲ್ಯಾಮಿಡೊಮೊನಾಸ್ ಬೆಳಕಿನ ಕಡೆಗೆ ಈಜಲು ತನ್ನ ಕೋಶಪೊರೆಯಲ್ಲಿರುವ ಚಾನೆಲ್‌ರೊಡಾಪ್ಸಿನ್ ಎಂಬ ಪ್ರೋಟೀನನ್ನು ನೆಚ್ಚಿಕೊಂಡಿದೆ. ಬೆಳಕು ಬಿದ್ದಾಗ ಈ ಪ್ರೋಟೀನಿನ ನಡುವಿನ ಕಿಂಡಿ ತೆರೆದು ಧನ ಅಯಾನುಗಳು ಕೋಶದೊಳಕ್ಕೆ ನುಗ್ಗುತ್ತವೆ. ಗೇಯೋರ್ಗ್ ನಾಗೆಲ್, ಪೀಟರ್ ಹೆಗೆಮನ್ ಮತ್ತು ಅರ್ನ್ಸ್ಟ್ ಬಾಂಬೆರ್ಗ್ ಅವರು 2002 ಮತ್ತು 2003ರಲ್ಲಿ ಇದನ್ನು ವಿವರಿಸಿದರು. 2005ರಲ್ಲಿ ಎಡ್ವರ್ಡ್ ಬಾಯ್ಡನ್, ಕಾರ್ಲ್ ಡೈಸರಾತ್ ಮತ್ತು ಸಂಗಡಿಗರು ಇದೇ ಪ್ರೋಟೀನನ್ನು ಸಸ್ತನಿಯ ನರಕೋಶಗಳಲ್ಲಿ ಸೇರಿಸಿ, ನೀಲಿ ಬೆಳಕಿನ ಮಿಣುಕುಗಳಿಂದ ಮಿಲಿಸೆಕೆಂಡುಗಳ ನಿಖರತೆಯಲ್ಲಿ ಅವುಗಳನ್ನು ಕೆರಳಿಸಬಹುದೆಂದು ತೋರಿಸಿದರು. ಈ ವಿಧಾನದ ವೇಗಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಇದರ ಆಯ್ಕೆಯ ಗುಣ. ವಿದ್ಯುದಾಗ್ರವು ಸುತ್ತಲಿನ ಎಲ್ಲ ಕೋಶಗಳನ್ನೂ ಒಟ್ಟಿಗೆ ಕೆರಳಿಸಿದರೆ, ಇಲ್ಲಿ ವಂಶವಾಹಿಯನ್ನು ಯಾವ ಕೋಶದಲ್ಲಿ ಇಟ್ಟಿದ್ದೇವೆಯೋ ಅದು ಮಾತ್ರ ಸ್ಪಂದಿಸುತ್ತದೆ.

ನೊಣಕ್ಕೆ ನೀಲಿ ಬೆಳಕು ಒಗ್ಗುವುದಿಲ್ಲ. ಅದು ನೀಲಿಯನ್ನು ಚೆನ್ನಾಗಿ ಕಾಣುತ್ತದೆ, ಬೆದರುತ್ತದೆ, ಮೇಲಾಗಿ ನೀಲಿಯು ಅದರ ಹೊರಕವಚವನ್ನು ಸರಿಯಾಗಿ ತೂರಿ ಹೋಗುವುದಿಲ್ಲ. 2014ರಲ್ಲಿ ಪ್ರಕಟವಾದ, ಮತ್ತೊಂದು ಪಾಚಿಯಿಂದ ಪಡೆದ ಕ್ರಿಮ್ಸನ್ ಎಂಬ ಪ್ರೋಟೀನು ಸುಮಾರು 590 ನ್ಯಾನೊಮೀಟರಿನಲ್ಲಿ ಅತಿ ಹೆಚ್ಚು ಸ್ಪಂದಿಸುತ್ತದೆ ಮತ್ತು ಗಾಢ ಕೆಂಪಿಗೂ ತೆರೆದುಕೊಳ್ಳುತ್ತದೆ. ಅದರ ಸುಧಾರಿತ ರೂಪವಾದ ಸಿಎಸ್‌ಕ್ರಿಮ್ಸನ್ ಇಂದು ನೊಣದ ಕೆಲಸದಲ್ಲಿ ಮನೆಮಾತು. ನಾವು ಬಳಸುವುದೂ ಅದನ್ನೇ.

ನೊಣಗಳು ಮತ್ತು ಅವುಗಳ ಊಟ

ನಮಗೆ ಎರಡು ತಳಿಗಳು ಬೇಕು. ಒಂದರಲ್ಲಿ ಮೂನ್‌ವಾಕರ್ ಕೋಶಗಳಲ್ಲಿ ಮಾತ್ರ ಗ್ಯಾಲ್4, ಅಂದರೆ ಬೇರೊಂದು ವಂಶವಾಹಿಯನ್ನು ಚಾಲೂ ಮಾಡುವ ಯೀಸ್ಟ್ ಮೂಲದ ಪ್ರೋಟೀನು, ತಯಾರಾಗುತ್ತದೆ. ಇನ್ನೊಂದರಲ್ಲಿ ಗ್ಯಾಲ್4 ಸಿಕ್ಕಿದೆಡೆ ಮಾತ್ರ ತಯಾರಾಗುವ ಸಿಎಸ್‌ಕ್ರಿಮ್ಸನ್ ವಂಶವಾಹಿ ಇರುತ್ತದೆ. ಎರಡನ್ನೂ ಸಂಕರಿಸಿದರೆ ಮರಿಗಳಲ್ಲಿ ಬೇಕಾದ ಕೋಶಗಳು ಮಾತ್ರ ಬೆಳಕಿಗೆ ಸ್ಪಂದಿಸುವಂತಾಗುತ್ತವೆ. ಗ್ಯಾಲ್4 ಅನ್ನು ಎರಡು ತುಂಡು ಮಾಡಿ, ಎರಡು ತುಂಡುಗಳೂ ಕೂಡುವ ಕೋಶದಲ್ಲಿ ಮಾತ್ರ ಕೆಲಸ ನಡೆಯುವಂತೆ ಮಾಡಿದ ‘ಸ್ಪ್ಲಿಟ್’ ತಳಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಹಳೆಯ, ಅಗಲವಾದ ತಳಿಗಳಲ್ಲಿ ಸಂಬಂಧವಿಲ್ಲದ ಹತ್ತಾರು ಕೋಶಗಳೂ ಬೆಳಗುತ್ತವೆ. ಇಂಥ ತಳಿಗಳನ್ನು ಅಮೆರಿಕದ ಬ್ಲೂಮಿಂಗ್ಟನ್ ಸಂಗ್ರಹದಿಂದ ತರಿಸಿಕೊಳ್ಳುವುದು ರೂಢಿ. ನಮ್ಮಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಡ್ರೊಸೊಫಿಲಾ ಸಂಗ್ರಹ ಕೇಂದ್ರವೂ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದ ನೊಣ ಸೌಲಭ್ಯವೂ ಇರುವುದರಿಂದ, ನೊಣ ಸಾಕುವ ವಿದ್ಯೆಯನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಒಬೈದ್ ಸಿದ್ದಿಕಿಯವರು ನೊಣದ ನಡವಳಿಕೆ ಮತ್ತು ವಂಶವಾಹಿಗಳ ನಂಟನ್ನು ಹುಡುಕುತ್ತ ಮುಂಬೈಯಲ್ಲಿ ಆರಂಭಿಸಿದ ಪರಂಪರೆಯೇ ಅವರು ಕಟ್ಟಿದ ಎನ್‌ಸಿಬಿಎಸ್‌ಗೆ ಬಂದಿದೆ.

ಮೈಸೂರಿನ ಕಡೆ ಓದಿದವರಿಗೆ ನೊಣದ ಆಹಾರವೆಂದರೆ ರವೆ, ಬೆಲ್ಲ, ಅಗರ್ ಮತ್ತು ಬೂಷ್ಟು ಹಿಡಿಯದಂತೆ ಹಾಕುವ ಪ್ರೊಪಿಯೋನಿಕ್ ಆಮ್ಲ. ಲೀಟರು ನೀರಿಗೆ ನೂರು ಗ್ರಾಂ ರವೆ, ನೂರು ಗ್ರಾಂ ಬೆಲ್ಲ. ತುಪ್ಪ ಹಾಕುವುದೊಂದು ಬಾಕಿ. ಈ ಆಹಾರವೇ ಸಾಕು, ಆದರೆ ಒಂದು ಪದಾರ್ಥ ಸೇರಬೇಕು. ಕ್ರಿಮ್ಸನ್ ಪ್ರೋಟೀನು ಬೆಳಕನ್ನು ಹಿಡಿಯುವುದು ತನ್ನೊಳಗೆ ಕೂರುವ ಆಲ್-ಟ್ರಾನ್ಸ್ ರೆಟಿನಾಲ್ (retinal; ವಿಟಮಿನ್ ಎ ಬಗೆಯದು, ಆದರೆ retinol ಅಲ್ಲ) ಅಣುವಿನ ಮೂಲಕ. ಸಸ್ತನಿಗಳ ಮಿದುಳಿನಲ್ಲಿ ಅದು ತಾನಾಗಿಯೇ ಸಾಕಷ್ಟಿರುತ್ತದೆ. ನೊಣದ ಮಿದುಳಿನಲ್ಲಿ ಇರುವುದಿಲ್ಲವಾದ್ದರಿಂದ ಊಟದಲ್ಲಿ ಕೊಡಬೇಕು.

ನೂರು ಮಿಲಿಗ್ರಾಂ ರೆಟಿನಾಲನ್ನು 3.5 ಮಿಲಿಲೀಟರ್ ಎಥನಾಲಿನಲ್ಲಿ ಕರಗಿಸಿದರೆ ಸುಮಾರು 100 ಮಿಲಿಮೋಲಾರ್ ದ್ರಾವಣ ಸಿಗುತ್ತದೆ. ಇದನ್ನು ಚಿಕ್ಕ ಚಿಕ್ಕ ಕೊಳವೆಗಳಿಗೆ ಹಂಚಿ, ಅಲ್ಯುಮಿನಿಯಂ ಹಾಳೆ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿಡಿ. ಆಹಾರವನ್ನು ಕರಗಿಸಿ, ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ಪ್ರತಿ ಹತ್ತು ಮಿಲಿಲೀಟರಿಗೆ ನಲವತ್ತು ಮೈಕ್ರೊಲೀಟರ್ ದ್ರಾವಣ ಬೆರೆಸಿ. ಅಂತಿಮ ಪ್ರಮಾಣ 0.4 ಮಿಲಿಮೋಲಾರ್ ಆಗುತ್ತದೆ. ಕುದಿಯುವ ಆಹಾರಕ್ಕೆ ಸುರಿಯಬಾರದು, ಏಕೆಂದರೆ ರೆಟಿನಾಲ್ ಶಾಖಕ್ಕೂ ಬೆಳಕಿಗೂ ಕೆಡುತ್ತದೆ. ಇದೇ ವೇಳೆ ಅಷ್ಟೇ ಎಥನಾಲನ್ನು ಮಾತ್ರ ಹಾಕಿದ ಇನ್ನೊಂದು ಪಾತ್ರೆಯನ್ನೂ ಸಿದ್ಧಮಾಡಿಕೊಳ್ಳಿ. ಅದು ಮುಂದೆ ಬೇಕಾಗುತ್ತದೆ. ಪ್ಯೂಪಾ ಕವಚದಿಂದ ಹೊರಬಂದು ಒಂದೆರಡು ದಿನಗಳಾದ ನೊಣಗಳನ್ನು ಈ ಆಹಾರದ ಮೇಲೆ ಮೂರರಿಂದ ಐದು ದಿನ ಪೂರ್ಣ ಕತ್ತಲೆಯಲ್ಲಿಡಿ. ಬಾಟಲಿಗೆ ಸುತ್ತಿದ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹಗಲಿಡೀ ಆ ನರಕೋಶಗಳು ಕೆರಳುತ್ತಲೇ ಇರುತ್ತವೆ ಎಂಬುದನ್ನು ನೆನಪಿಡಿ. ನೊಣಗಳನ್ನು ಪ್ರಯೋಗದ ಹಿಂದಿನ 24 ಗಂಟೆಗಳಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಮಂಪರುಗೊಳಿಸದೆ, ಬಾಯಿಯಿಂದ ಹೀರುವ ಕೊಳವೆಯಿಂದಲೇ ಎತ್ತಿ ಸಾಗಿಸಿ.

ಅಂಕಣ, ದೀಪ, ಕ್ಯಾಮೆರಾ

ಅಂಕಣದ ಒಳ ಎತ್ತರ ಸುಮಾರು ಮೂರು ಮಿಲಿಮೀಟರ್ ಇದ್ದರೆ ನೊಣ ಹಾರಲಾರದು, ನಡೆಯುತ್ತದೆ. ದೀಪಕ್ಕೆ 617ರಿಂದ 660 ನ್ಯಾನೊಮೀಟರಿನೊಳಗಿನ ಹೆಚ್ಚು ಸಾಮರ್ಥ್ಯದ ಎಲ್‌ಇಡಿಗಳನ್ನು ಆರಿಸಿ, ಅವುಗಳಿಗೆ ಸ್ಥಿರ ವಿದ್ಯುತ್ ಪೂರೈಸುವ ಡ್ರೈವರ್ ಜೋಡಿಸಿ, ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಫಲಕದಿಂದ ಹೊತ್ತಿಸಿ ಆರಿಸುವಂತೆ ಮಾಡಿ. ಎಲ್‌ಇಡಿಯ ಬೆನ್ನಿಗೆ ದಪ್ಪನೆಯ ಶಾಖಶೋಷಕ ಇರಲೇಬೇಕು. ನಡವಳಿಕೆಯನ್ನು ನೋಡಲು ನೊಣಕ್ಕೆ ಕಾಣದ 850 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು ಕೆಳಗಿನಿಂದ ಹಾಯಿಸಿ, ಅವಕೆಂಪು ತಡೆಯುವ ಗಾಜಿಲ್ಲದ ಕ್ಯಾಮೆರಾವನ್ನು ಮೇಲಿಡಿ. ಕ್ಯಾಮೆರಾದ ಮುಂದೆ ಕೆಂಪನ್ನು ತಡೆದು ಅವಕೆಂಪನ್ನು ಮಾತ್ರ ಬಿಡುವ ಫಿಲ್ಟರ್ ಹಾಕದಿದ್ದರೆ, ದೀಪ ಹೊತ್ತಿದಾಗಲೆಲ್ಲ ಚಿತ್ರ ಬಿಳಿಚಿಕೊಂಡು ನಿಮಗೆ ಬೇಕಾದ ಕ್ಷಣವೇ ಕಳೆದುಹೋಗುತ್ತದೆ. ಆದರೆ ಫಿಲ್ಟರ್ ಹಾಕಿದ ಮೇಲೆ ದೀಪ ಯಾವಾಗ ಹೊತ್ತಿತೆಂಬುದು ವಿಡಿಯೊದಲ್ಲಿ ಕಾಣುವುದೇ ಇಲ್ಲವಲ್ಲ? ಅದಕ್ಕೊಂದು ಹಳೆಯ ಉಪಾಯವಿದೆ: ಕೆಂಪು ದೀಪದ ಸಂಕೇತಕ್ಕೇ ಸಣ್ಣದೊಂದು ಅವಕೆಂಪು ಎಲ್‌ಇಡಿಯನ್ನು ಜೋಡಿಸಿ, ನೊಣಕ್ಕೆ ತಾಕದಂತೆ ಚೌಕಟ್ಟಿನ ಮೂಲೆಯಲ್ಲಿ ಇರಿಸಿ. ಕಂಪ್ಯೂಟರಿನ ಗಡಿಯಾರವನ್ನೂ ಆರ್ಡುಯಿನೊದ ಗಡಿಯಾರವನ್ನೂ ಹೊಂದಿಸುವ ತಲೆನೋವು ಅಲ್ಲಿಗೆ ಮುಗಿಯುತ್ತದೆ.

ಬೆಳಕಿನ ತೀವ್ರತೆಯನ್ನು ನೊಣ ನಿಲ್ಲುವ ಜಾಗದಲ್ಲೇ ಅಳೆಯಿರಿ. ಮೀಟರಿನ ಸಂವೇದಕದ ವಿಸ್ತೀರ್ಣ ಒಂದು ಚದರ ಸೆಂಟಿಮೀಟರ್ ಇದ್ದು, ಅದು ಐದು ಮಿಲಿವ್ಯಾಟ್ ತೋರಿಸಿದರೆ, ಚದರ ಮಿಲಿಮೀಟರಿಗೆ 50 ಮೈಕ್ರೊವ್ಯಾಟ್ ಬೀಳುತ್ತಿದೆ ಎಂದರ್ಥ. ಸಿಎಸ್‌ಕ್ರಿಮ್ಸನ್‌ಗೆ ಅಷ್ಟು ಬೇಕಾದಷ್ಟಾಯಿತು. ಅಂಕಣದ ನಡುವೆಯೂ ಅಂಚುಗಳಲ್ಲೂ ಬೇರೆ ಬೇರೆಯಾಗಿ ಅಳೆದು, ವ್ಯತ್ಯಾಸ ಹೆಚ್ಚಿದ್ದರೆ ದೀಪದ ಮುಂದೆ ಬೆಳಕು ಹರಡುವ ಹಾಳೆಯನ್ನು ಇಡಿ.

ಪ್ರಯೋಗದ ದಿನ

ಒಂದು ಅಂಕಣಕ್ಕೆ ಒಂದೇ ನೊಣ. ಹಲವು ನೊಣಗಳನ್ನು ಒಟ್ಟಿಗೆ ಬಿಟ್ಟರೆ ಹಿಂದೆ ಹೋಗುವ ಒಂದು ನೊಣ ಇನ್ನೊಂದಕ್ಕೆ ತಾಗಿ ಅದನ್ನೂ ಕದಲಿಸುತ್ತದೆ, ಆಮೇಲೆ ಯಾರದ್ದು ಕಾರಣ ಯಾರದ್ದು ಪರಿಣಾಮ ಎಂದು ಬಿಡಿಸಲಾಗುವುದಿಲ್ಲ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಹತ್ತು ನಿಮಿಷ ಕತ್ತಲೆಯಲ್ಲಿ ಬಿಟ್ಟು, ಬಳಿಕ ಎರಡು ಸೆಕೆಂಡಿನ ಬೆಳಕು, ಒಂದು ನಿಮಿಷದ ಬಿಡುವು, ಹೀಗೆ ಹತ್ತಿಪ್ಪತ್ತು ಸಲ ನಡೆಸಿ. ತೀವ್ರತೆಯನ್ನು ಕನಿಷ್ಠ ನಾಲ್ಕು ಮಟ್ಟಗಳಲ್ಲಿ, ಕ್ರಮ ಕಲಸಿ, ಬಳಸಿ. ಬೆಳಕು ಹೆಚ್ಚಿದಷ್ಟೂ ಪರಿಣಾಮ ಹೆಚ್ಚುತ್ತಲೇ ಹೋಗುತ್ತದೆಂದು ನಂಬಬೇಡಿ. ಅತಿಯಾದ, ಬಿಡುವಿಲ್ಲದ ಬೆಳಕಿನಲ್ಲಿ ನರಕೋಶವು ಮರಳಿ ತನ್ನ ವಿಶ್ರಾಂತ ಸ್ಥಿತಿಗೆ ಬರಲಾಗದೆ ಮೌನವಾಗಿಬಿಡಬಹುದು, ಆಗ ಕೆರಳಿಸಲು ಹೊರಟ ನೀವು ಅದರ ಬಾಯಿ ಮುಚ್ಚಿಸಿರುತ್ತೀರಿ. ನೊಣಗಳು ಬೆಳಗ್ಗೆ ಮತ್ತು ಸಂಜೆ ಚುರುಕಾಗಿದ್ದು ನಡುಹಗಲಿನಲ್ಲಿ ಮಂಕಾಗಿರುವುದರಿಂದ, ಎಲ್ಲ ಗುಂಪುಗಳನ್ನೂ ದಿನದ ಒಂದೇ ಹೊತ್ತಿನಲ್ಲಿ ಪರೀಕ್ಷಿಸಬೇಕು. ಒಂದು ಗುಂಪನ್ನು ಸೋಮವಾರವೂ ಇನ್ನೊಂದನ್ನು ಗುರುವಾರವೂ ಮಾಡುವ ಅನುಕೂಲಕ್ಕೆ ಮರುಳಾಗಬಾರದು.

ಯಾವ ನೊಣ ಹಿಂದೆ ಹೋಗಬಾರದು?

ಬೆಳಕಿಗೆ ಹಿಂದೆ ಹೋಗಬೇಕಾದ ನೊಣಗಳು ಒಂದು ಗುಂಪಾದರೆ, ಹೋಗಬಾರದ ನೊಣಗಳು ಮೂರು ಗುಂಪು. ಮೊದಲನೆಯದು, ಅದೇ ಸಂಕರದ ಮರಿಗಳು, ಆದರೆ ಎಥನಾಲ್ ಮಾತ್ರವಿದ್ದ ಆಹಾರ ತಿಂದವು. ಎರಡನೆಯದು, ಸಿಎಸ್‌ಕ್ರಿಮ್ಸನ್ ಇದ್ದು, ಎಲ್ಲಿಯೂ ಗ್ಯಾಲ್4 ತಯಾರಿಸದ ‘ಖಾಲಿ’ ತಳಿಯೊಂದಿಗೆ ಸಂಕರಗೊಂಡು ರೆಟಿನಾಲ್ ತಿಂದವು. ಮೂರನೆಯದು, ಮೂನ್‌ವಾಕರ್ ಗ್ಯಾಲ್4 ಇದ್ದು ಸಿಎಸ್‌ಕ್ರಿಮ್ಸನ್ ಇಲ್ಲದೆ ರೆಟಿನಾಲ್ ತಿಂದವು.

ಒಂದೇ ಗುಂಪು ಸಾಲದೆ ಎಂದು ಹೊಸಬರು ಕೇಳುತ್ತಾರೆ, ಸಮಯದ ಲೆಕ್ಕದಲ್ಲಿ ಕೇಳುವುದು ಸಹಜವೂ ಹೌದು. ಆದರೆ ಪ್ರತಿಯೊಂದು ಗುಂಪೂ ಬೇರೆ ಬೇರೆ ಅನುಮಾನಕ್ಕೆ ಉತ್ತರ ಕೊಡುತ್ತದೆ. ರೆಟಿನಾಲ್ ಇಲ್ಲದ ಗುಂಪು ವಂಶವಾಹಿಯ ಹಿನ್ನೆಲೆಯನ್ನು ಒಂದೇ ಆಗಿ ಇರಿಸುತ್ತದೆ. ಆದರೆ ಸಾಮಾನ್ಯ ಆಹಾರದಲ್ಲಿರುವ ವಿಟಮಿನ್ ಎ ಮೂಲಗಳಿಂದಲೂ ಒಂದಿಷ್ಟು ಪ್ರೋಟೀನು ಕೆಲಸಕ್ಕೆ ಬರಬಹುದಾದ್ದರಿಂದ, ಪ್ರಖರ ಬೆಳಕಿನಲ್ಲಿ ಈ ಗುಂಪೂ ಅಲ್ಪಸ್ವಲ್ಪ ಸ್ಪಂದಿಸಬಹುದು. ಖಾಲಿ ತಳಿಯ ಗುಂಪು ರೆಟಿನಾಲ್ ತಿಂದದ್ದರ ಮತ್ತು ಬೆಳಕು ಕಂಡದ್ದರ ಪರಿಣಾಮವನ್ನು ತೋರಿಸುತ್ತದೆ. ಕೆಂಪು ಬೆಳಕು ನೊಣಕ್ಕೆ ಕಾಣುವುದೇ ಇಲ್ಲವೆಂಬುದು ಪ್ರಯೋಗಾಲಯಗಳಲ್ಲಿ ಚಾಲ್ತಿಯಲ್ಲಿರುವ ಅರ್ಧಸತ್ಯ; ಮಂದ ಕೆಂಪು ಕಾಣುವುದು ಕಷ್ಟ, ಪ್ರಖರ ಕೆಂಪು ಕಂಡೇ ಕಾಣುತ್ತದೆ. ಸಂದೇಹ ಉಳಿದರೆ, ದೃಷ್ಟಿಯ ಸಂಕೇತ ಸಾಗದ ಕುರುಡು ರೂಪಾಂತರಿತ ನೊಣಗಳಲ್ಲಿ ಪ್ರಯೋಗವನ್ನು ಮರಳಿ ಮಾಡಬಹುದು.

ಈ ಅನುಮಾನವನ್ನು ಅತಿ ಕಟುವಾಗಿ ಬಗೆಹರಿಸಿದವರು 2005ರಲ್ಲಿ ಸುಸಾನಾ ಲಿಮಾ ಮತ್ತು ಗೆರೊ ಮೀಸೆನ್‌ಬಾಕ್. ನೊಣದ ಹಾರಾಟವನ್ನು ಹೊರಡಿಸುವ ದೊಡ್ಡ ನರತಂತುಗಳನ್ನು ಅವರು ಬೆಳಕಿನಿಂದ ಕೆರಳಿಸಿದಾಗ ನೊಣಗಳು ಜಿಗಿದು ಹಾರಿದವು. ಅವು ಬೆಳಕು ಕಂಡು ಬೆದರಿ ಹಾರಿರಬಾರದೇಕೆ ಎಂಬ ಪ್ರಶ್ನೆಗೆ ಅವರ ಉತ್ತರ, ತಲೆ ಕತ್ತರಿಸಿದ ನೊಣಗಳು. ತಲೆಯಿಲ್ಲದ ನೊಣ ಗಂಟೆಗಟ್ಟಲೆ ನಿಂತಿರಬಲ್ಲದು. ಬೆಳಕು ಬಿದ್ದಾಗ ಅವೂ ಹಾರಿದವು. ಕಣ್ಣೇ ಇಲ್ಲದ ಮೇಲೆ ಕಂಡಿತೆಂಬ ವಾದಕ್ಕೆ ಜಾಗವಿಲ್ಲ. ನಮ್ಮ ಪ್ರಯೋಗದಲ್ಲಿ ಈ ದಾರಿಯನ್ನು ಹಿಡಿಯುವುದಿಲ್ಲ.

ಬಿಸಿಯ ಅನುಮಾನವನ್ನು ಬಗೆಹರಿಸಲು ಕೂದಲೆಳೆಯಂಥ ಉಷ್ಣಯುಗ್ಮವನ್ನು ಅಂಕಣದ ನೆಲಕ್ಕೆ ಅಂಟಿಸಿ, ಇಡೀ ಪ್ರಯೋಗದುದ್ದಕ್ಕೂ ತಾಪವನ್ನು ದಾಖಲಿಸಿ. ಒಂದೊಂದು ಮಿಣುಕಿನಲ್ಲಿ ಏರುವುದು ಕಡಿಮೆಯಿದ್ದರೂ, ಇಪ್ಪತ್ತು ಮಿಣುಕುಗಳಲ್ಲಿ ಮೆಲ್ಲನೆ ಏರುತ್ತ ಹೋಗುವ ತಾಪವು ಕೊನೆಯ ಸುತ್ತಿನ ನೊಣಗಳನ್ನು ಬೇರೆಯೇ ಪ್ರಾಣಿಗಳನ್ನಾಗಿ ಮಾಡಿರುತ್ತದೆ.

ಎಣಿಕೆ, ಮತ್ತು ತಲೆ-ಬಾಲದ ಗೊಂದಲ

ಹಿಂದೆ ನಡೆಯುವುದನ್ನು ಅಳೆಯುವುದೆಂದರೆ ದೇಹದ ಅಕ್ಷದ ಉದ್ದಕ್ಕೂ ವೇಗವನ್ನು ಅಳೆದು, ಅದು ಋಣಾತ್ಮಕವಾದ ಹೊತ್ತನ್ನು ಲೆಕ್ಕ ಹಾಕುವುದು. ಅದಕ್ಕೆ ತಲೆ ಯಾವ ಕಡೆ ಎಂದು ಪ್ರೋಗ್ರಾಂಗೆ ತಿಳಿದಿರಬೇಕು. ಮೇಲಿನಿಂದ ನೋಡಿದಾಗ ನೊಣವೊಂದು ಅಂಡಾಕಾರದ ಕಪ್ಪು ಚುಕ್ಕೆ. ಎರಡು ತುದಿಗಳಲ್ಲಿ ತಲೆ ಯಾವುದೆಂದು ನಿರ್ಧರಿಸಲು ಕೆಲವು ಪ್ರೋಗ್ರಾಂಗಳು ‘ನೊಣ ಸಾಮಾನ್ಯವಾಗಿ ಮುಂದೆ ನಡೆಯುತ್ತದೆ’ ಎಂಬ ಊಹೆಯನ್ನೇ ಬಳಸುತ್ತವೆ. ನಮ್ಮ ಪ್ರಯೋಗಕ್ಕೆ ಇದಕ್ಕಿಂತ ಕೆಟ್ಟ ಊಹೆ ಮತ್ತೊಂದಿಲ್ಲ. ನಾನು ಮೊದಲ ಬಾರಿ ವಿಡಿಯೊಗಳನ್ನು ವಿಶ್ಲೇಷಿಸಿದಾಗ ಒಂದು ನೊಣವೂ ಹಿಂದೆ ಹೋಗಿಲ್ಲವೆಂದು ಪ್ರೋಗ್ರಾಂ ಹೇಳಿತು. ಪರದೆಯ ಮೇಲೆ ಅವು ಕಣ್ಣೆದುರೇ ಹಿಂದೆ ಹೋಗುತ್ತಿದ್ದವು. ಬೆಳಕು ಹೊತ್ತಿದೊಡನೆ ಪ್ರೋಗ್ರಾಂ ತಲೆಯನ್ನು ಬಾಲದ ಜಾಗಕ್ಕೆ ತಿರುಗಿಸಿ ಕೂರಿಸುತ್ತಿತ್ತು. ತದ್ವಿರುದ್ಧವೂ ಆಗಬಹುದು: ನಿಂತಿದ್ದ ನೊಣದ ತಲೆಯನ್ನು ತಪ್ಪಾಗಿ ಗುರುತಿಸಿದರೆ, ಮುಂದೆ ಹೋದದ್ದೂ ಹಿಂದೆ ಹೋದಂತೆ ದಾಖಲಾಗುತ್ತದೆ. ಆದ್ದರಿಂದ 2018ರಲ್ಲಿ ಬಂದ ಡೀಪ್‌ಲ್ಯಾಬ್‌ಕಟ್‌ನಂಥ ಭಂಗಿ ಗುರುತಿಸುವ ಸಾಧನದಲ್ಲಿ ತಲೆ, ರೆಕ್ಕೆಯ ತುದಿ, ಹೊಟ್ಟೆಯ ತುದಿ ಮೂರನ್ನೂ ಕೈಯಿಂದ ಗುರುತಿಸಿ ತರಬೇತಿ ಕೊಡಿ, ಮತ್ತು ಪ್ರತಿ ಗುಂಪಿನಿಂದ ಕೆಲವು ವಿಡಿಯೊಗಳನ್ನಾದರೂ ಪೂರ್ತಿ ಕಣ್ಣಿನಿಂದ ನೋಡಿ. ನೋಡುವವರಿಗೆ ಯಾವುದು ಯಾವ ಗುಂಪೆಂದು ತಿಳಿಯದಂತೆ ಕಡತಗಳ ಹೆಸರನ್ನು ಇನ್ನೊಬ್ಬರಿಂದ ಬದಲಿಸಿಸಿಕೊಳ್ಳಬೇಕು.

ಹತ್ತು ನೊಣಗಳಿಗೆ ಇಪ್ಪತ್ತು ಸಲ ಬೆಳಕು ಹಾಯಿಸಿದರೆ ನಿಮ್ಮ ಬಳಿ ಇರುವುದು ಹತ್ತು ಮಾದರಿಗಳು, ಇನ್ನೂರಲ್ಲ. ಈ ಒಂದು ತಪ್ಪು ಪ್ರಕಟಿತ ಲೇಖನಗಳಲ್ಲಿಯೂ ನುಸುಳಿರುವುದುಂಟು.

ಕೆರಳಿಸಿದ ಮೇಲೆ ಸುಮ್ಮನಾಗಿಸುವುದು

ಈವರೆಗಿನ ಪ್ರಯೋಗವು ಈ ಕೋಶಗಳು ಹಿನ್ನಡೆಯನ್ನು ಹೊರಡಿಸಬಲ್ಲವು ಎಂದಷ್ಟೇ ಹೇಳುತ್ತದೆ. ನೊಣವು ತಾನಾಗಿ ಹಿಂದೆ ಸರಿಯುವಾಗ ಇವೇ ಕೋಶಗಳನ್ನು ಬಳಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಕೋಶಗಳನ್ನು ಮೌನಗೊಳಿಸಿ, ಹಿಂದೆ ಸರಿಯಲೇಬೇಕಾದ ಸಂದರ್ಭಕ್ಕೆ ನೊಣವನ್ನು ಒಡ್ಡಬೇಕು. 2014ರ ತಂಡ ಇದನ್ನೂ ಮಾಡಿತ್ತು: ಇಕ್ಕಟ್ಟಾದ ದಾರಿಯ ಕೊನೆಯಲ್ಲಿ ಗೋಡೆ ಸಿಕ್ಕಾಗ ಸಾಮಾನ್ಯ ನೊಣಗಳು ಹಿಂದೆ ಸರಿದರೆ, ಈ ಕೋಶಗಳು ಮೌನವಾಗಿದ್ದ ನೊಣಗಳು ಹಾಗೆ ಸರಿಯಲು ತಡವರಿಸಿದವು. ಬೆಳಕಿನಿಂದ ಮೌನಗೊಳಿಸಲು ಕ್ಲೋರೈಡ್ ಅಯಾನುಗಳನ್ನು ಬಿಡುವ ಜಿಟಿಎಸಿಆರ್1 ಎಂಬ ಪ್ರೋಟೀನು ನೊಣಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಬೇಕಾದದ್ದು ಹಸಿರು ಬೆಳಕು, ಹಸಿರನ್ನು ನೊಣ ಸೊಗಸಾಗಿ ಕಾಣುತ್ತದೆ. ಹೀಗಾಗಿ ಖಾಲಿ ತಳಿಯ ಗುಂಪಿಲ್ಲದ ಫಲಿತಾಂಶಕ್ಕೆ ಇಲ್ಲಿ ಕವಡೆಯ ಬೆಲೆಯೂ ಇಲ್ಲ.

ಇಲಿಗೆ ಹೋಗುವವರಿಗೆ ಎರಡು ಮಾತು

ಇಲಿಯಲ್ಲಿ ವಂಶವಾಹಿಯನ್ನು ವೈರಸ್ಸಿನ ಮೂಲಕ ಮಿದುಳಿಗೆ ಚುಚ್ಚಿ, ಮೂರು ವಾರ ಕಾದು, ಸಾಮಾನ್ಯವಾಗಿ 200 ಮೈಕ್ರೊಮೀಟರ್ ದಪ್ಪದ ಗಾಜಿನ ಎಳೆಯಿಂದ ಬೆಳಕು ಕೊಡುತ್ತಾರೆ. ಅಷ್ಟು ಸಣ್ಣ ತುದಿಯಿಂದ ಐದು ಮಿಲಿವ್ಯಾಟ್ ಹೊರಟರೆ, ತುದಿಯಲ್ಲಿ ಚದರ ಮಿಲಿಮೀಟರಿಗೆ ಸುಮಾರು 160 ಮಿಲಿವ್ಯಾಟ್ ಆಗುತ್ತದೆ. ನಮ್ಮ ನೊಣಕ್ಕೆ ಬಿದ್ದದ್ದರ ಮೂರು ಸಾವಿರ ಪಟ್ಟಿಗಿಂತ ಹೆಚ್ಚು. ಮಿದುಳಿನ ಅಂಗಾಂಶ ಬಿಸಿಯಾಗದಿರುತ್ತದೆಯೇ? 2019ರಲ್ಲಿ ಅನಟೋಲ್ ಕ್ರೈಟ್ಸರ್ ಅವರ ತಂಡವು ಬೆಳಕಿಗೆ ಸ್ಪಂದಿಸುವ ಯಾವ ಪ್ರೋಟೀನೂ ಇಲ್ಲದ ಇಲಿಗಳ ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಸ್ಟ್ರಯೇಟಮ್ ಭಾಗಕ್ಕೆ ಬರಿಯ ಬೆಳಕು ಹಾಯಿಸಿ, ನರಕೋಶಗಳ ಚಟುವಟಿಕೆ ತಗ್ಗುವುದನ್ನೂ ಇಲಿಗಳು ಒಂದೇ ಪಕ್ಕಕ್ಕೆ ಹೆಚ್ಚು ತಿರುಗುವುದನ್ನೂ ತೋರಿಸಿತು. ಪ್ರೋಟೀನಿಲ್ಲದೆ ಬಣ್ಣದ ಗುರುತನ್ನು ಮಾತ್ರ ಹೊತ್ತ ವೈರಸ್ಸಿನ ಗುಂಪನ್ನು ಬಿಡಬಾರದೆನ್ನುವುದು ಇದಕ್ಕಾಗಿಯೇ. ಇನ್ನು ಅನುಮತಿಯ ಮಾತು: ಇಲಿಯ ಕೆಲಸಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು, ವಂಶವಾಹಿ ಸೇರಿಸಿದ ನೊಣಗಳಿಗಾದರೂ ಜೈವಿಕ ಸುರಕ್ಷತಾ ಸಮಿತಿಗೆ ಅರ್ಜಿ ಹಾಕಬೇಕಾಗುತ್ತದೆ.

ಕೊನೆಯ ಕೆಲಸ ಸೂಕ್ಷ್ಮದರ್ಶಕದ ಕೆಳಗೆ

ಸಿಎಸ್‌ಕ್ರಿಮ್ಸನ್‌ಗೆ ಸಾಮಾನ್ಯವಾಗಿ ಹಳದಿ-ಹಸಿರಾಗಿ ಹೊಳೆಯುವ ಪ್ರೋಟೀನೊಂದನ್ನು ಅಂಟಿಸಿರುತ್ತಾರೆ. ನಡವಳಿಕೆ ಮುಗಿದ ಮೇಲೆ, ಪರೀಕ್ಷಿಸಿದ ನೊಣಗಳಲ್ಲೇ ಕೆಲವನ್ನು ಆರಿಸಿ, ಮಿದುಳನ್ನೂ ಎದೆಯ ನರಗ್ರಂಥಿಯನ್ನೂ ಬಿಡಿಸಿ, ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿ. ವಯಸ್ಕ ಹೆಣ್ಣು ನೊಣದ ಮಿದುಳಿನ ಪೂರ್ಣ ನಕ್ಷೆ 2024ರಲ್ಲಿ ಪ್ರಕಟವಾಗಿದ್ದು ಅದರಲ್ಲಿ 1,39,255 ನರಕೋಶಗಳಿವೆ. ನಿಮಗೆ ಕಾಣುವ ಆಕಾರಗಳನ್ನು ಆ ನಕ್ಷೆಯ ಜೊತೆ ಹೋಲಿಸಬಹುದು. ಎಡಕ್ಕೆ ಎರಡು, ಬಲಕ್ಕೆ ಎರಡು ಕೋಶಗಳು ಮಾತ್ರ ಹೊಳೆಯುತ್ತಿದ್ದರೆ ಸರಿ. ಐದನೆಯದೊಂದು ಹೊಳೆಯುತ್ತಿದ್ದರೆ, ಅದು ಯಾವುದೆಂದು ತಿಳಿಯುವವರೆಗೆ ಲೇಖನ ಬರೆಯಲು ಕೂರಬೇಡಿ. ಬಿಡಿಸುವ ನೊಣಗಳಲ್ಲಿ ಬೆಳಕಿಗೆ ಜಗ್ಗದೆ ಮುಂದೆಯೇ ನಡೆದವು ಕೂಡ ಇರಲಿ: ಕೆಲವು ನೊಣಗಳಲ್ಲಿ ಎರಡೇ ಕೋಶಗಳು ಹೊಳೆಯುತ್ತಿರಬಹುದು, ಕೆಲವದರಲ್ಲಿ ಒಂದು, ಮತ್ತೆ ಕೆಲವದರಲ್ಲಿ ನಾಲ್ಕೂ ಹೊಳೆಯುತ್ತಿದ್ದು ನೊಣ ಮಾತ್ರ ಹಿಂದೆ ಹೋಗಿರಲಿಕ್ಕಿಲ್ಲ. ಆ ಕೊನೆಯ ಬಗೆಯವನ್ನು ಬೇರೆ ಪುಟದಲ್ಲಿ ಬರೆದಿಡಿ.